ಆಸ್ಟ್ರೇಲಿಯಾ: ವೀಸಾ ಅವಧಿ ಮೀರಿ ಉಳಿದವರಿಗೆ ಮತ್ತೆ ಬಾಗಿಲು ತೆರೆಯುವುದು ಯಾವಾಗ?

ಬೆಂಗಳೂರು: ವರ್ಷದ ಮಟ್ಟಿಗೆ ಆಸ್ಟ್ರೇಲಿಯಾಕ್ಕೆ ಹೋಗಿ, ಹಣ್ಣಿನ ತೋಟದಲ್ಲೋ ಹೋಟೆಲಿನ ಅಡುಗೆಮನೆಯಲ್ಲೋ ದುಡಿದು, ಆ ದುಡ್ಡಿನಲ್ಲೇ ದೇಶ ಸುತ್ತಿ ಮರಳುವ ಅವಕಾಶ ಭಾರತೀಯ ಯುವಜನರಿಗೆ ತೆರೆದದ್ದು 2024ರಲ್ಲಿ. ಉಭಯ ದೇಶಗಳ ನಡುವೆ 2022ರ ಏಪ್ರಿಲ್ 2ರಂದು ಸಹಿಯಾಗಿ, ಅದೇ ವರ್ಷದ ಡಿಸೆಂಬರ್ 29ರಂದು ಜಾರಿಗೆ ಬಂದ ಆರ್ಥಿಕ ಸಹಕಾರ ಮತ್ತು ವ್ಯಾಪಾರ ಒಪ್ಪಂದದ ಫಲ ಇದು. ವರ್ಷಕ್ಕೆ 1,000 ಸ್ಥಾನ. ವಯಸ್ಸು 18ರಿಂದ 30. ಆ ವರ್ಷದ ಅಕ್ಟೋಬರ್‌ನಲ್ಲಿ ನೋಂದಣಿ ಆರಂಭವಾದ ಎರಡೇ ವಾರಗಳಲ್ಲಿ 40 ಸಾವಿರ ಭಾರತೀಯರು ಅರ್ಜಿ ಹಾಕಿದ್ದಾರೆಂದು ಆಸ್ಟ್ರೇಲಿಯಾದ ವಲಸೆ ಖಾತೆಯ ಸಹಾಯಕ ಸಚಿವ ಮ್ಯಾಟ್ ಥಿಸಲ್‌ತ್ವೇಟ್ ಹೇಳಿದ್ದರು. ಪ್ರತಿಯೊಬ್ಬರೂ 25 ಡಾಲರ್ ಶುಲ್ಕ ಕಟ್ಟಿ ಹೆಸರು ಬರೆಸಿದ್ದರು. ಆಯ್ಕೆ ನಡೆದದ್ದು ಕಂಪ್ಯೂಟರ್ ಮೂಲಕ ಚೀಟಿ ಎತ್ತಿ.

ಹೀಗೆ ಅದೃಷ್ಟ ಒಲಿದು 2025ರ ಆರಂಭದಲ್ಲಿ ವಿಮಾನ ಹತ್ತಿದವರ ಹನ್ನೆರಡು ತಿಂಗಳು 2026ರ ಆರಂಭದಿಂದಲೇ ಒಬ್ಬೊಬ್ಬರಿಗಾಗಿ ಮುಗಿಯುವ ಲೆಕ್ಕ. ಯುರೋಪಿನ ಯುವಕರಿಗೆ ದಶಕಗಳಿಂದ ಪರಿಚಿತವಾದ ಪ್ರಶ್ನೆಯೊಂದು ಇದರೊಂದಿಗೆ ಇಲ್ಲಿನ ಮನೆಗಳಿಗೂ ಬರುತ್ತದೆ. ಗಡುವು ಮೀರಿ ಅಲ್ಲೇ ಉಳಿದುಬಿಟ್ಟರೆ, ಹೊರಬಂದ ಮೇಲೆ ಆ ದೇಶಕ್ಕೆ ಮತ್ತೆ ಕಾಲಿಡಬಹುದೇ?

ಇಡಬಹುದು. ಆದರೆ ಯಾವಾಗ ಎಂಬುದನ್ನು ನಿರ್ಧರಿಸುವುದು ಎಷ್ಟು ವರ್ಷ ಕದ್ದುಮುಚ್ಚಿ ಉಳಿದರು ಎಂಬ ಸಂಗತಿಯಲ್ಲ. ಹೊರಟ ದಿನಾಂಕ ಯಾವುದು, ಹೊರಡುವಾಗ ಕೈಯಲ್ಲಿ ಯಾವ ವೀಸಾ ಇತ್ತು, ಮುಂದಿನ ಅರ್ಜಿಯಲ್ಲಿ ಏನೆಂದು ಬರೆದರು ಎಂಬ ಮೂರು ಸಂಗತಿಗಳು. ಈ ವ್ಯತ್ಯಾಸ ತಿಳಿಯದೆ, ಸಿಕ್ಕಿಬಿದ್ದರೆ ಜನ್ಮಪೂರ್ತಿ ನಿಷೇಧವೆಂಬ ಭಯದಲ್ಲಿ ವರ್ಷಗಟ್ಟಲೆ ಅಡಗಿ ಬದುಕುವವರೇ ಹೆಚ್ಚು ಕಳೆದುಕೊಳ್ಳುತ್ತಾರೆ.

ಹನ್ನೆರಡು ತಿಂಗಳ ಲೆಕ್ಕ

ಆಸ್ಟ್ರೇಲಿಯಾ ಈ ಯೋಜನೆಯನ್ನು ಆರಂಭಿಸಿದ್ದು 1975ರಲ್ಲಿ, ಬ್ರಿಟನ್, ಐರ್ಲೆಂಡ್ ಮತ್ತು ಕೆನಡಾದ ಯುವಕರಿಗಾಗಿ. ಇಂದು ನಲವತ್ತಕ್ಕೂ ಹೆಚ್ಚು ದೇಶಗಳು ಇದರ ವ್ಯಾಪ್ತಿಯಲ್ಲಿವೆ. ವೀಸಾದಲ್ಲಿ ಎರಡು ಬಗೆ. ಹಳೆಯ ಪಾಲುದಾರ ದೇಶಗಳಿಗೆ 417 ಸಂಖ್ಯೆಯ ‘ವರ್ಕಿಂಗ್ ಹಾಲಿಡೇ’; ಭಾರತ, ಚೀನಾ, ವಿಯೆಟ್ನಾಂ, ಅಮೆರಿಕ ಮೊದಲಾದವಕ್ಕೆ 462 ಸಂಖ್ಯೆಯ ‘ವರ್ಕ್ ಅಂಡ್ ಹಾಲಿಡೇ’. ಗಡುವಿನ ಮಟ್ಟಿಗೆ ಎರಡರ ನಿಯಮವೂ ಒಂದೇ.

ಅವಧಿ ಮೀರುವವರೆಲ್ಲ ಬೇಕೆಂದೇ ಮೀರುತ್ತಾರೆ ಎನ್ನುವಂತಿಲ್ಲ. ಮೊದಲ ಬಾರಿ ದೇಶ ಪ್ರವೇಶಿಸಿದ ದಿನದಿಂದ ಹನ್ನೆರಡು ತಿಂಗಳು ಎಣಿಕೆ. ನಡುವೆ ತಿಂಗಳ ಕಾಲ ಬಾಲಿಗೋ ನ್ಯೂಜಿಲೆಂಡಿಗೋ ಹೋಗಿ ಬಂದರೆ, ಅಥವಾ ಅಣ್ಣನ ಮದುವೆಗೆಂದು ಊರಿಗೆ ಬಂದು ಮರಳಿದರೆ, ಆ ದಿನಗಳು ಕೊನೆಗೆ ಸೇರುವುದಿಲ್ಲ. ಸೇರುತ್ತವೆಂದು ನಂಬಿದವರ ವೀಸಾ ಅವರಿಗೆ ತಿಳಿಯದಂತೆಯೇ ಮುಗಿದಿರುತ್ತದೆ. ಹಿಂದೆ ಪಾಸ್‌ಪೋರ್ಟಿನಲ್ಲಿ ಅಂಟಿಸುತ್ತಿದ್ದ ವೀಸಾ ಚೀಟಿಯೂ ಈಗಿಲ್ಲ. ಆಸ್ಟ್ರೇಲಿಯಾ ಅದನ್ನು 2015ರ ಸೆಪ್ಟೆಂಬರ್‌ನಲ್ಲೇ ನಿಲ್ಲಿಸಿತು. ದಿನಾಂಕ ನೋಡಬೇಕಾದದ್ದು ವೀಸಾ ಮಂಜೂರಾತಿಯ ಇ-ಮೇಲ್ ಪತ್ರದಲ್ಲಿ ಮತ್ತು ಗೃಹ ವ್ಯವಹಾರಗಳ ಇಲಾಖೆ ಉಚಿತವಾಗಿ ಒದಗಿಸಿರುವ ‘ವೇವೊ’ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ. ಪಾಸ್‌ಪೋರ್ಟ್ ಸಂಖ್ಯೆ ಕೊಟ್ಟರೆ ಕ್ಷಣದಲ್ಲಿ ಉತ್ತರ ಸಿಗುತ್ತದೆ.

ಇನ್ನೊಂದು ಗೊಂದಲ ಎರಡನೆಯ ವರ್ಷದ್ದು. ಮೊದಲ ವರ್ಷದಲ್ಲಿ ನಿಗದಿತ ಗ್ರಾಮೀಣ ಅಥವಾ ಉತ್ತರದ ಪ್ರದೇಶಗಳಲ್ಲಿ ಮೂರು ತಿಂಗಳು ಕೃಷಿಯಂಥ ಗೊತ್ತುಪಡಿಸಿದ ಕೆಲಸ ಮಾಡಿದವರು ಎರಡನೆಯ ವೀಸಾಕ್ಕೆ ಅರ್ಜಿ ಹಾಕಬಹುದು. ಅದಕ್ಕೆ ಭಾರತೀಯರು ಮತ್ತೆ ಚೀಟಿ ಎತ್ತಿಸಬೇಕಿಲ್ಲ. ಮೊದಲ ವೀಸಾ ಜೀವಂತವಿರುವಾಗಲೇ ಅಲ್ಲಿಂದಲೇ ಅರ್ಜಿ ಸಲ್ಲಿಸಿದರೆ, ತೀರ್ಮಾನ ಬರುವ ತನಕ ‘ಬ್ರಿಡ್ಜಿಂಗ್ ವೀಸಾ ಎ’ ಎಂಬ ಸೇತುವೆಯಂಥ ಅನುಮತಿ ದೊರೆಯುತ್ತದೆ. ಇಂಥವರು ಅವಧಿ ಮೀರಿದವರಲ್ಲ. ಅರ್ಜಿ ತಿರಸ್ಕೃತವಾದರೂ ಆ ಅನುಮತಿ ಸಾಮಾನ್ಯವಾಗಿ ಇನ್ನೂ 35 ದಿನ ಇರುತ್ತದೆ. ಅಷ್ಟರೊಳಗೆ ಹೊರಟವರಿಗೆ ನಿಷೇಧದ ಮಾತೇ ಬಾರದು. ಅರ್ಜಿ ಹಾಕುವುದು ಒಂದು ದಿನ ತಡವಾದರೂ ಲೆಕ್ಕ ಬೇರೆಯೇ ಆಗಿಬಿಡುತ್ತದೆ.

ಇಪ್ಪತ್ತೆಂಟು ದಿನ

1958ರ ವಲಸೆ ಕಾಯ್ದೆಯ ಪ್ರಕಾರ, ಪ್ರಜೆಯಲ್ಲದ ವ್ಯಕ್ತಿಯ ಬಳಿ ಚಾಲ್ತಿಯಲ್ಲಿರುವ ವೀಸಾ ಇಲ್ಲದಿದ್ದರೆ ಆತನ ವಾಸ ಕಾನೂನುಬಾಹಿರ. ಒಂದು ದಿನವಾದರೂ ಅಷ್ಟೇ, ಹತ್ತು ವರ್ಷವಾದರೂ ಅಷ್ಟೇ. ಅಂಥವರನ್ನು ವಶಕ್ಕೆ ತೆಗೆದುಕೊಳ್ಳಬೇಕು, ದೇಶದಿಂದ ಹೊರಗೆ ಕಳಿಸಬೇಕು ಎನ್ನುತ್ತದೆ ಕಾಯ್ದೆ. ಅಕ್ಷರಶಃ ಓದಿದರೆ ಎದೆ ನಡುಗುವಂಥ ಮಾತು.

ಮರಳುವಿಕೆಗೆ ಸಂಬಂಧಿಸಿದ ನಿಯಮ ಮಾತ್ರ ಬೇರೆ ಕಡೆ ಇದೆ. ವಲಸೆ ನಿಯಮಾವಳಿಯ ‘ಸಾರ್ವಜನಿಕ ಹಿತಾಸಕ್ತಿ ಮಾನದಂಡ 4014’ ಎಂಬುದು ಅದರ ಹೆಸರು. ವೀಸಾ ಇಲ್ಲದ ಸ್ಥಿತಿಯಲ್ಲಿ, ಅಥವಾ ಬ್ರಿಡ್ಜಿಂಗ್ ವೀಸಾಗಳ ಪೈಕಿ ಸಿ, ಡಿ, ಇ ಎಂಬ ಮೂರರಲ್ಲಿ ಒಂದನ್ನು ಹಿಡಿದು ದೇಶ ಬಿಟ್ಟವರಿಗೆ, ಬಿಟ್ಟ ದಿನದಿಂದ ಮೂರು ವರ್ಷದೊಳಗೆ ಹಾಕಿದ ಅರ್ಜಿಯ ಮೇಲೆ ವೀಸಾ ಇಲ್ಲ. ಪ್ರವಾಸಿ, ವಿದ್ಯಾರ್ಥಿ, ವರ್ಕಿಂಗ್ ಹಾಲಿಡೇ, ತಾತ್ಕಾಲಿಕ ಉದ್ಯೋಗ ಮೊದಲಾದ ಬಹುತೇಕ ತಾತ್ಕಾಲಿಕ ವೀಸಾಗಳಿಗೆ ಇದು ಅನ್ವಯ. ಕಾಯಂ ವಾಸದ ವೀಸಾಗಳಿಗೂ ಆಸ್ಟ್ರೇಲಿಯಾದ ಪ್ರಜೆಯನ್ನು ವರಿಸಿದವರು ಪಡೆಯುವ ಸಂಗಾತಿ ವೀಸಾಕ್ಕೂ ಷರತ್ತುಗಳ ಪಟ್ಟಿ ಬೇರೆಯಾಗಿರುವುದರಿಂದ, ಅರ್ಜಿ ಹಾಕುವ ವೀಸಾದ ಪಟ್ಟಿಯನ್ನೇ ತೆಗೆದು ನೋಡಬೇಕಾಗುತ್ತದೆ.

ಈ ಮಾನದಂಡದಲ್ಲೇ ವಿನಾಯಿತಿಯೂ ಅಡಗಿದೆ. ಮೂಲ ವೀಸಾ ಮುಗಿದ 28 ದಿನಗಳೊಳಗೆ ದೇಶ ಬಿಟ್ಟವರಿಗೆ ಮೂರು ವರ್ಷದ ತಡೆ ಇಲ್ಲ. ಆ 28 ದಿನಗಳೊಳಗೆ ಬ್ರಿಡ್ಜಿಂಗ್ ವೀಸಾ ಪಡೆದು, ಅದು ಚಾಲ್ತಿಯಲ್ಲಿರುವಾಗಲೇ ಹೊರಟವರಿಗೂ ಇಲ್ಲ.

ಉದಾಹರಣೆಯೊಂದನ್ನು ನೋಡಬಹುದು. ಯುವತಿಯೊಬ್ಬಳ ವೀಸಾ 2026ರ ಮಾರ್ಚ್ 10ಕ್ಕೆ ಮುಗಿಯಿತು ಎಂದಿಟ್ಟುಕೊಳ್ಳೋಣ. 28 ದಿನ ತುಂಬುವುದು ಏಪ್ರಿಲ್ 7ಕ್ಕೆ. ಏಪ್ರಿಲ್ 5ರಂದು ವಿಮಾನ ಹತ್ತಿದರೆ ತಡೆ ಇಲ್ಲ. ಟಿಕೆಟ್ ಸಿಗದೆ ಅಥವಾ ಕಾಯಿಲೆ ಬಿದ್ದು, ಮಾರ್ಚ್ 25ರಂದೇ ‘ಬ್ರಿಡ್ಜಿಂಗ್ ವೀಸಾ ಇ’ ಪಡೆದು ಅದರ ಅವಧಿಯೊಳಗೆ ಮೇ ತಿಂಗಳಲ್ಲಿ ಹೊರಟರೂ ತಡೆ ಇಲ್ಲ. ಆದರೆ ಏನೂ ಮಾಡದೆ ಕುಳಿತು ಏಪ್ರಿಲ್ 20ರಂದು ಹೊರಟರೆ 2029ರ ಏಪ್ರಿಲ್ 20ರವರೆಗೆ ಬಾಗಿಲು ಮುಚ್ಚಿತು. ಹದಿಮೂರು ದಿನಗಳ ಆಲಸ್ಯಕ್ಕೆ ಮೂರು ವರ್ಷದ ಬೆಲೆ.

ಇದೇ ಯುವತಿ ಹೆದರಿ ಇನ್ನೂ ಎರಡು ವರ್ಷ ಅಲ್ಲೇ ಉಳಿದು 2028ರ ಏಪ್ರಿಲ್‌ನಲ್ಲಿ ಹೊರಟಳೆನ್ನಿ. ಆಗಲೂ ತಡೆ ಮೂರೇ ವರ್ಷ. ಆದರೆ ಅದು ಮುಗಿಯುವುದು 2031ಕ್ಕೆ. ತಡೆಯ ಗಡಿಯಾರ ಓಡತೊಡಗುವುದು ದೇಶ ಬಿಟ್ಟ ದಿನದಿಂದ ಮಾತ್ರ. ಉಳಿದಷ್ಟೂ ದಿನ ಅದು ನಿಂತೇ ಇರುತ್ತದೆ. ‘ಹೇಗೂ ತಪ್ಪಾಗಿದೆ, ಇನ್ನಷ್ಟು ದುಡಿದುಕೊಂಡೇ ಹೋಗೋಣ’ ಎಂಬ ಲೆಕ್ಕಾಚಾರ ಎಡವುವುದು ಇಲ್ಲಿಯೇ.

ಹಾಗೆಂದು 28 ದಿನಗಳನ್ನು ರಿಯಾಯಿತಿ ಅವಧಿ ಎಂದು ಕರೆಯುವುದೂ ತಪ್ಪು. ಮೊದಲ ದಿನದಿಂದಲೇ ವಾಸ ಕಾನೂನುಬಾಹಿರ, ದುಡಿಯುವ ಅನುಮತಿ ಇಲ್ಲ, ಸಿಕ್ಕಿದರೆ ವಶಕ್ಕೆ ತೆಗೆದುಕೊಳ್ಳುವ ಅಧಿಕಾರ ಅಧಿಕಾರಿಗಳಿಗಿದೆ. ಮೂರು ವರ್ಷದ ತಡೆ ಬೀಳುವುದಿಲ್ಲ ಎಂಬುದಷ್ಟೇ ಲಾಭ. ಅವಧಿ ಮೀರಿದ ದಾಖಲೆ ಅಲ್ಲೇ ಉಳಿಯುತ್ತದೆ.

ಅಡಗುವ ಬದಲು

ವೀಸಾ ಇಲ್ಲದೆ ಉಳಿದವರ ಸಂಖ್ಯೆ 60 ಸಾವಿರಕ್ಕೂ ಹೆಚ್ಚು ಎಂದು ಆಸ್ಟ್ರೇಲಿಯಾ ಸರ್ಕಾರವೇ 2010ರ ದಶಕದಲ್ಲಿ ಅಂದಾಜಿಸಿತ್ತು. ಇವರಲ್ಲಿ ವಿವಿಧ ಬಗೆಯ ವೀಸಾಗಳ ಮೇಲೆ ಬಂದವರಿದ್ದಾರೆ. ತೋಟದ ಕೂಲಿ ಗುತ್ತಿಗೆದಾರರ ಕೈಕೆಳಗೆ, ಬ್ಯಾಂಕ್ ಖಾತೆಯ ಹಂಗಿಲ್ಲದೆ ನಗದು ಕೂಲಿ ಪಡೆದು ಬದುಕುವವರ ಪಾಡು ಅಲ್ಲಿನ ಪತ್ರಿಕೆಗಳಲ್ಲಿ ಆಗಾಗ ವರದಿಯಾಗುತ್ತಲೇ ಇದೆ. ಊರಿನಲ್ಲಿ ತಂದೆಗೆ ಹೃದಯಾಘಾತ ಎಂಬ ಫೋನ್ ಬಂದರೂ ವಿಮಾನ ನಿಲ್ದಾಣದತ್ತ ಹೆಜ್ಜೆ ಇಡಲು ಹೆದರುವ ಸ್ಥಿತಿ ಅದು. ಅಲ್ಲೇ ಬಂಧಿಸಿದರೆ ಏನು ಗತಿ ಎಂಬ ಆತಂಕ ಕಾಲು ಹಿಡಿದೆಳೆಯುತ್ತದೆ.

ವಾಸ್ತವದಲ್ಲಿ ಇಲಾಖೆಯ ಆಸಕ್ತಿ ಇರುವುದು ಅವಧಿ ಮೀರಿದವರು ತಾವಾಗಿ ಹೊರಡಲಿ ಎಂಬುದರಲ್ಲಿ. ಕಾರಣ ಸರಳ: ಒಬ್ಬರನ್ನು ಹಿಡಿದು, ವಶದಲ್ಲಿಟ್ಟು, ಕಾವಲಿನಲ್ಲಿ ಕಳಿಸುವ ಖರ್ಚು ವಿಮಾನ ಟಿಕೆಟಿನ ಎಷ್ಟೋ ಪಟ್ಟು. ಸ್ವತಃ ಸಂಪರ್ಕಿಸಿದವರೊಡನೆ ವ್ಯವಹರಿಸಲೆಂದೇ ಇಲಾಖೆಯಲ್ಲಿ ಪ್ರತ್ಯೇಕ ವಿಭಾಗವಿದೆ. ಹೊರಡುವ ಸಿದ್ಧತೆಯಲ್ಲಿರುವವರಿಗೆ ‘ಬ್ರಿಡ್ಜಿಂಗ್ ವೀಸಾ ಇ’ ಕೊಡುವ ಪದ್ಧತಿಯೂ ಇದೆ. ಅರ್ಜಿಗೆ ಶುಲ್ಕವಿಲ್ಲ. ಸಾಮಾನ್ಯವಾಗಿ ದುಡಿಯುವ ಅನುಮತಿ ಇರುವುದಿಲ್ಲ, ದೇಶದಿಂದ ಹೊರಬಿದ್ದ ಕ್ಷಣ ಅದು ಮುಗಿಯುತ್ತದೆ. ಆದರೂ ಅದು ಕೈಯಲ್ಲಿರುವಷ್ಟು ದಿನ ವಾಸ ಕಾನೂನುಬದ್ಧ. ರಾತ್ರಿ ಬಾಗಿಲು ಬಡಿದ ಸದ್ದಿಗೆ ಬೆಚ್ಚಬೇಕಿಲ್ಲ. 28 ದಿನ ಕಳೆದ ಬಳಿಕ ಇದನ್ನು ಪಡೆದರೆ ಮೂರು ವರ್ಷದ ತಡೆಯಿಂದ ಪಾರಾಗಲಾಗದು ಎಂಬುದನ್ನು ಮಾತ್ರ ಮರೆಯುವಂತಿಲ್ಲ.

ಪಾಸ್‌ಪೋರ್ಟ್ ಅವಧಿಯೂ ಮುಗಿದಿದ್ದರೆ? ವರ್ಷಗಟ್ಟಲೆ ಉಳಿದವರಿಗೆ ಇದೇ ಮೊದಲ ತೊಡಕು. ಭಾರತೀಯರು ಅಲ್ಲಿನ ಭಾರತೀಯ ದೂತಾವಾಸದ ಮೂಲಕ ಪಾಸ್‌ಪೋರ್ಟ್ ನವೀಕರಿಸಿಕೊಳ್ಳಬಹುದು. ತುರ್ತಿದ್ದರೆ ಸ್ವದೇಶಕ್ಕೆ ಒಂದು ಬಾರಿ ಮರಳಲು ಮಾತ್ರ ಬಳಕೆಯಾಗುವ ‘ಎಮರ್ಜೆನ್ಸಿ ಸರ್ಟಿಫಿಕೇಟ್’ ಪಡೆಯಬಹುದು.

ತಾವಾಗಿ ಹೊರಡುವುದಕ್ಕೂ ಸರ್ಕಾರ ಹೊರಹಾಕುವುದಕ್ಕೂ ಇರುವ ದೊಡ್ಡ ಅಂತರ ಹಣದ್ದು. ಹೊರಹಾಕಿದ ವೆಚ್ಚವನ್ನು ಆಸ್ಟ್ರೇಲಿಯಾ ಆ ವ್ಯಕ್ತಿಯ ಹೆಸರಿನಲ್ಲಿ ಸಾಲವಾಗಿ ಬರೆದಿಡುತ್ತದೆ. ವಶದಲ್ಲಿಟ್ಟ ದಿನಗಳ ಖರ್ಚನ್ನೂ ವಸೂಲು ಮಾಡುವ ಕ್ರಮ ಹಿಂದೆ ಇತ್ತು, 2009ರಲ್ಲಿ ಅದನ್ನು ರದ್ದುಪಡಿಸಲಾಯಿತು. ಸಾಗಹಾಕಿದ ವೆಚ್ಚ ಹಾಗೆಯೇ ಉಳಿದಿದೆ. ಆ ಸಾಲ ತೀರಿಸುವವರೆಗೆ, ಅಥವಾ ತೀರಿಸುವ ಏರ್ಪಾಡು ಮಾಡಿಕೊಳ್ಳುವವರೆಗೆ, ಮೂರು ವರ್ಷ ಕಳೆದರೂ ಹೊಸ ವೀಸಾಕ್ಕೆ ಅಡ್ಡಿ.

ಇನ್ನು ಏಜೆಂಟರ ವಿಚಾರ. ಆಸ್ಟ್ರೇಲಿಯಾದೊಳಗೆ ವಲಸೆ ಸಲಹೆ ನೀಡಲು ನೋಂದಾಯಿತ ವಲಸೆ ಏಜೆಂಟರಿಗೆ ಮತ್ತು ವಕೀಲರಿಗೆ ಮಾತ್ರ ಅನುಮತಿ. ನೋಂದಣಿ ಸಂಖ್ಯೆಯನ್ನು ಸರ್ಕಾರಿ ಪಟ್ಟಿಯಲ್ಲಿ ಯಾರು ಬೇಕಾದರೂ ತಾಳೆ ನೋಡಬಹುದು. ‘ಬ್ಯಾನ್ ತೆಗೆಸಿಕೊಡುತ್ತೇವೆ’ ಎಂದು ದುಡ್ಡು ಕೇಳುವವರನ್ನು ಮೊದಲು ಕೇಳಬೇಕಾದದ್ದು ಆ ಸಂಖ್ಯೆಯನ್ನೇ.

ತಡೆಯ ನಡುವೆಯೇ ಮರಳುವುದು

ಮೂರು ವರ್ಷದೊಳಗೆ ಅರ್ಜಿ ಹಾಕಲೇಬಾರದೆಂದಿಲ್ಲ. ತಡೆಯನ್ನು ಮನ್ನಾ ಮಾಡುವ ಅಧಿಕಾರ ನಿಯಮದಲ್ಲೇ ಇದೆ. ಆದರೆ ಅದರ ಕಿಂಡಿ ಕಿರಿದು. ಆಸ್ಟ್ರೇಲಿಯಾದ ಹಿತಕ್ಕೆ ಸಂಬಂಧಿಸಿದ ಬಲವಾದ ಕಾರಣ ಇರಬೇಕು. ಇಲ್ಲವೇ ಅಲ್ಲಿನ ಪ್ರಜೆ, ಕಾಯಂ ನಿವಾಸಿ ಅಥವಾ ಅರ್ಹ ನ್ಯೂಜಿಲೆಂಡ್ ಪ್ರಜೆಯ ಹಿತಕ್ಕೆ ಸಂಬಂಧಿಸಿದ ಮಾನವೀಯ ಅಥವಾ ಬಲವಾದ ಕಾರಣ ಇರಬೇಕು. ಈ ವಾಕ್ಯವನ್ನು ನಿಧಾನವಾಗಿ ಓದಿದವರಿಗೆ ಒಂದು ಸಂಗತಿ ಹೊಳೆಯುತ್ತದೆ: ಅರ್ಜಿದಾರರ ಸ್ವಂತ ಕಷ್ಟಕ್ಕೆ ಇಲ್ಲಿ ಜಾಗವಿಲ್ಲ. ಸಾಲ ಮಾಡಿ ಹೋಗಿದ್ದೆ, ಕೆಲಸ ಕಾದಿದೆ, ಓದು ಅರ್ಧಕ್ಕೆ ನಿಂತಿದೆ ಎಂಬ ಕಾರಣಗಳು ಎಷ್ಟೇ ನಿಜವಾದರೂ ಸಾಲವು. ಅಲ್ಲಿ ಆಸ್ಟ್ರೇಲಿಯಾ ಪ್ರಜೆಯಾದ ಮಗುವೊಂದಿದ್ದು, ತಂದೆಯಿಲ್ಲದೆ ಅದರ ಪಾಲನೆಗೆ ತೊಂದರೆಯಾಗಿದೆ ಎಂಬಂಥ ಕಾರಣಕ್ಕೆ ಕಿವಿಗೊಡುವ ಸಾಧ್ಯತೆ ಇದೆ. ಅದಕ್ಕೂ ದಾಖಲೆ ಬೇಕು. ಅರ್ಜಿ ತಿರಸ್ಕೃತವಾದರೆ ಕಟ್ಟಿದ ಶುಲ್ಕ ಸಾಮಾನ್ಯವಾಗಿ ಮರಳಿ ಬಾರದು.

ಮೂರು ವರ್ಷದ ನಂತರ

ತಡೆ ತಾನಾಗಿಯೇ ಮುಗಿಯುತ್ತದೆ. ಅದನ್ನು ತೆಗೆಸಲು ಪ್ರತ್ಯೇಕ ಅರ್ಜಿ ಬೇಡ. ಆದರೆ ತಡೆ ಮುಗಿದ ಮಾತ್ರಕ್ಕೆ ವೀಸಾ ಸಿಕ್ಕಿತೆಂದಲ್ಲ. ಇಲ್ಲಿಯವರೆಗಿನದು ಕ್ಯಾಲೆಂಡರಿನ ಲೆಕ್ಕವಾದರೆ ಇನ್ನು ಮುಂದಿನದು ಅಧಿಕಾರಿಯ ವಿವೇಚನೆ. ಪ್ರವಾಸಿ ವೀಸಾಕ್ಕೆ ‘ನಿಜಕ್ಕೂ ಭೇಟಿಗಾಗಿ ಬರುವವರು’ ಎಂದು, ವಿದ್ಯಾರ್ಥಿ ವೀಸಾಕ್ಕೆ 2024ರ ಮಾರ್ಚ್‌ನಿಂದ ಜಾರಿಗೆ ಬಂದ ಪರೀಕ್ಷೆಯ ಪ್ರಕಾರ ‘ನಿಜವಾದ ವಿದ್ಯಾರ್ಥಿ’ ಎಂದು ಮನವರಿಕೆ ಮಾಡಿಕೊಡಬೇಕು. ಹಿಂದಿನ ವೀಸಾದ ಷರತ್ತು ಪಾಲಿಸಿದ್ದರೇ ಎಂಬುದು ಅಲ್ಲಿ ತೂಗುವ ಅಂಶ. 28 ದಿನದೊಳಗೆ ಹೊರಟು ತಡೆ ತಪ್ಪಿಸಿಕೊಂಡವರೂ ಈ ಪ್ರಶ್ನೆ ಎದುರಿಸಬೇಕು. ಏಕೆ ಮೀರಿತು, ತಿಳಿದ ಕೂಡಲೇ ಏನು ಮಾಡಿದರು, ಈಗ ಊರಿನಲ್ಲಿ ಇರುವ ಉದ್ಯೋಗ, ಮನೆ, ಸಂಸಾರ ಏನು ಎಂಬುದನ್ನು ದಾಖಲೆ ಸಮೇತ ವಿವರಿಸುವ ಒಂದು ಪುಟದ ಪತ್ರ ಅರ್ಜಿಯ ಜೊತೆಗಿದ್ದರೆ ಅಧಿಕಾರಿಗೆ ತೀರ್ಮಾನಿಸಲು ಆಧಾರ ಸಿಗುತ್ತದೆ.

ಇಲ್ಲಿ ಮುಚ್ಚಿಡಲು ಹೋದವರೇ ಕೆಡುವುದು. ಯಾವುದೇ ದೇಶದಲ್ಲಿ ವೀಸಾ ಅವಧಿ ಮೀರಿ ಉಳಿದದ್ದುಂಟೇ ಎಂದು ಅರ್ಜಿಯಲ್ಲೇ ನೇರವಾಗಿ ಕೇಳಲಾಗುತ್ತದೆ. ‘ಇಲ್ಲ’ ಎಂದು ಬರೆದು ಸಿಕ್ಕಿಬಿದ್ದರೆ ಸುಳ್ಳು ಮಾಹಿತಿ ನೀಡಿದ್ದಕ್ಕೆ ಮತ್ತೊಂದು ಮೂರು ವರ್ಷದ ತಡೆ. ಗುರುತನ್ನೇ ಮರೆಮಾಚಿದ್ದರೆ ಹತ್ತು ವರ್ಷ. ಹೊಸ ಪಾಸ್‌ಪೋರ್ಟ್ ಮಾಡಿಸಿದರೆ ಹಳೆಯದು ತಿಳಿಯದು ಎಂಬುದು ಹಳೆಯ ಕಾಲದ ನಂಬಿಕೆ. ಬೆಂಗಳೂರಿನ ವೀಸಾ ಕೇಂದ್ರದಲ್ಲಿ ಬೆರಳಚ್ಚು ಕೊಡುತ್ತಿದ್ದಂತೆ ಹಳೆಯ ದಾಖಲೆ ತಾಳೆಯಾಗುತ್ತದೆ. ಅಮೆರಿಕ, ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್ ಪರಸ್ಪರ ವಲಸೆ ಮಾಹಿತಿಯನ್ನೂ ಬೆರಳಚ್ಚುಗಳನ್ನೂ ಹಂಚಿಕೊಳ್ಳುವುದರಿಂದ, ಮೆಲ್ಬರ್ನ್‌ನ ತಪ್ಪು ಲಂಡನ್ನಿನ ಅರ್ಜಿಯಲ್ಲೂ ಹಿಂಬಾಲಿಸಬಹುದು.

ಮತ್ತೆ ಅದೇ ದುಡಿಯುತ್ತ ಸುತ್ತುವ ವೀಸಾ ಸಿಗುವುದೇ? ಬಹುತೇಕರಿಗೆ ಇಲ್ಲ. ಮೊದಲ ವರ್ಷದ ವೀಸಾ ಜೀವನದಲ್ಲಿ ಒಮ್ಮೆ ಮಾತ್ರ. ಎರಡನೆಯದಕ್ಕೆ ಆ ಮೂರು ತಿಂಗಳ ಗೊತ್ತುಪಡಿಸಿದ ಕೆಲಸವನ್ನು ಕಾನೂನುಬದ್ಧವಾಗಿದ್ದ ದಿನಗಳಲ್ಲೇ ಮುಗಿಸಿರಬೇಕು. ವೀಸಾ ಮುಗಿದ ಮೇಲಿನ ದುಡಿಮೆ ಲೆಕ್ಕಕ್ಕಿಲ್ಲ. ಅದಕ್ಕಿಂತ ದೊಡ್ಡ ಗೋಡೆ ವಯಸ್ಸು. 28ರ ಹರೆಯದಲ್ಲಿ ಮೂರು ವರ್ಷದ ತಡೆ ಬಿದ್ದರೆ ಅದು ಮುಗಿಯುವಾಗ 31. ಭಾರತೀಯರಿಗೆ ಮಿತಿ 30.

ಬೇರೆ ದೇಶಗಳಲ್ಲಿ

ಇಂಥ ವೀಸಾ ನೀಡುವ ದೇಶಗಳೆಲ್ಲ ಒಂದೇ ತಕ್ಕಡಿ ಹಿಡಿದಿಲ್ಲ. 2023ರ ಫೆಬ್ರುವರಿಯಲ್ಲಿ ಆರಂಭವಾದ ‘ಇಂಡಿಯಾ ಯಂಗ್ ಪ್ರೊಫೆಷನಲ್ಸ್’ ಯೋಜನೆಯಡಿ ಪದವೀಧರ ಭಾರತೀಯರು ಎರಡು ವರ್ಷ ದುಡಿಯಬಹುದಾದ ಬ್ರಿಟನ್ನಿನಲ್ಲಿ, 30 ದಿನಕ್ಕಿಂತ ಹೆಚ್ಚು ಮೀರದೆ ಸ್ವಂತ ಖರ್ಚಿನಲ್ಲಿ ಹೊರಟವರಿಗೆ ನಿಷೇಧವಿಲ್ಲ. ಅದಕ್ಕೂ ಹೆಚ್ಚು ಉಳಿದು ಸ್ವಂತ ಖರ್ಚಿನಲ್ಲಿ ಹೊರಟವರಿಗೆ ಒಂದು ವರ್ಷ. ಸರ್ಕಾರದ ಖರ್ಚಿನಲ್ಲಿ ಹೊರಟರೆ ಅವಧಿ ಏರುತ್ತ ಹೋಗುತ್ತದೆ, ವಂಚನೆ ಸಾಬೀತಾದರೆ ಹತ್ತು ವರ್ಷ. ನ್ಯೂಜಿಲೆಂಡ್‌ನಲ್ಲಿ ಮಾನವೀಯ ನೆಲೆಯ ಮೇಲ್ಮನವಿಗೆ 42 ದಿನಗಳ ಕಾಲಾವಕಾಶವಿದೆ. ಗಡಿಪಾರು ಆದೇಶ ಕೈಗೆ ಬರುವ ಮುನ್ನವೇ ತಾವಾಗಿ ಹೊರಟವರಿಗೆ ನಿಷೇಧವಿಲ್ಲ, ಆದೇಶ ಬಂದ ಮೇಲಾದರೆ ಎರಡರಿಂದ ಐದು ವರ್ಷ. ಈ ಎರಡು ದೇಶಗಳು ಹೇಗೆ ಹೊರಟರೆಂಬುದಕ್ಕೆ ಹೆಚ್ಚು ಬೆಲೆ ಕೊಟ್ಟರೆ, ಆಸ್ಟ್ರೇಲಿಯಾ ಯಾವ ದಿನ ಹೊರಟರೆಂಬುದಕ್ಕೆ ಕೊಡುತ್ತದೆ.

ಅವಧಿ ಮೀರಿದ್ದರಿಂದ ದುಡಿದ ಕೂಲಿ ಮುಳುಗಿತೆಂದು ಭಾವಿಸುವವರೂ ಇದ್ದಾರೆ. ವಲಸೆ ಸ್ಥಿತಿ ಏನೇ ಇದ್ದರೂ ಉದ್ಯೋಗ ಕಾನೂನಿನ ರಕ್ಷಣೆ ಉಂಟೆಂದು ಆಸ್ಟ್ರೇಲಿಯಾ 2023ರಲ್ಲಿ ತನ್ನ ಕಾಯ್ದೆಗೆ ತಿದ್ದುಪಡಿ ತಂದು ಸ್ಪಷ್ಟಪಡಿಸಿದೆ. ಮಾಲೀಕರು ಕಟ್ಟಿದ ನಿವೃತ್ತಿ ನಿಧಿಯ ಹಣವನ್ನೂ ದೇಶ ಬಿಟ್ಟು, ವೀಸಾ ಮುಗಿದ ಮೇಲೆ ಆನ್‌ಲೈನ್‌ನಲ್ಲಿ ಕೇಳಿ ಪಡೆಯಬಹುದು. ವರ್ಕಿಂಗ್ ಹಾಲಿಡೇ ವೀಸಾದವರಿಗೆ ಅದರ ಮೇಲೆ ಶೇ 65ರಷ್ಟು ತೆರಿಗೆ ಮುರಿದುಕೊಳ್ಳುತ್ತಾರೆ. ಅವಧಿ ಮೀರದೆ ಹೊರಟವರಿಗೂ ಅಷ್ಟೇ.